ನಿರ್ಬಂಧ ಹೇರುವವರು ಕಾರಣವನ್ನೂ ಬರೆಯಬೇಕು

ವಕೀಲಳಾಗಿ ನನ್ನ ಮುಂದೆ ಬರುವ ದೂರುಗಳಲ್ಲಿ ಎರಡು ಬಗೆಯವು ಹೆಚ್ಚು. ಪಕ್ಕದ ಕಲ್ಯಾಣ ಮಂಟಪದ ಅಂಗಳದಲ್ಲಿ ರಾತ್ರಿ ಹನ್ನೊಂದು ದಾಟಿದರೂ ಧ್ವನಿವರ್ಧಕ ನಿಲ್ಲುವುದಿಲ್ಲ ಎಂಬುದು ಒಂದು. ಸಭೆಗೆ ಅನುಮತಿ ಕೇಳಲು ಹೋದವರನ್ನು ಠಾಣೆಯಿಂದ ಬಾಯಿಮಾತಿನಲ್ಲೇ ವಾಪಸು ಕಳುಹಿಸಿದರು ಎಂಬುದು ಇನ್ನೊಂದು. ಮಿತಿ ಹಾಕಬೇಕಾದ ಕಡೆ ಸರ್ಕಾರ ಸುಮ್ಮನಿದೆ, ಬಿಡಬೇಕಾದ ಕಡೆ ತಡೆಯುತ್ತಿದೆ. ಬೆಂಗಳೂರಿನಲ್ಲಿ ನಾನು ಕಾಣುವ ತೊಂದರೆಯ ಬೇರು ಇದೇ.

ಗದ್ದಲದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವೇ ಕೂಡದು. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ ಸಡಿಲಿಕೆ ಕೊಡಬಹುದು. ‘ಅಳೆಯುವ ಯಂತ್ರವಿಲ್ಲ’ ಎಂಬ ಠಾಣೆಯ ಉತ್ತರವನ್ನು ಒಪ್ಪಬೇಡಿ. ರಾತ್ರಿಯ ನಿಷೇಧ ಮುರಿದಿದ್ದರೆ ದೂರು ಕೊಡಲು ಅಷ್ಟೇ ಸಾಕು, ಡೆಸಿಬಲ್ ಲೆಕ್ಕ ಬೇಕಿಲ್ಲ. ಮರುದಿನ ಪರೀಕ್ಷೆಯಿರುವ ಮಗುವಿಗೆ, ಹಾಸಿಗೆ ಹಿಡಿದ ಅಜ್ಜಿಗೆ ಈ ನಿಯಮವೇ ಆಸರೆ.

ಸಭೆ, ಮೆರವಣಿಗೆಗಳ ಪ್ರಶ್ನೆ ಇಷ್ಟು ಸರಳವಲ್ಲ. ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಡುತ್ತದೆ. ಅದಕ್ಕೆ ಸಮಂಜಸ ನಿರ್ಬಂಧ ಹೇರಲು ಸರ್ಕಾರಕ್ಕೂ ಅವಕಾಶ ಕೊಡುತ್ತದೆ. ಸಮಂಜಸ ಯಾವುದು? ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ತೀರ್ಪು ಕೊಟ್ಟ ಅಳತೆಗೋಲು ಇಲ್ಲಿಯೂ ಸಲ್ಲುತ್ತದೆ: ನಿರ್ಬಂಧಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಬಾರದು.

2019ರ ಡಿಸೆಂಬರ್‌ನಲ್ಲಿ ನಗರದಾದ್ಯಂತ 144ನೇ ಸೆಕ್ಷನ್, ಅಂದರೆ ಜನ ಗುಂಪು ಸೇರದಂತೆ ತಡೆಯುವ ನಿಷೇಧಾಜ್ಞೆ, ಜಾರಿಯಾಗಿತ್ತು. ಎರಡು ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ಕಾನೂನುಬಾಹಿರ ಎಂದಿತು. ಆದೇಶ ಹೊರಡಿಸಿದವರು ತಾವೇ ವಿವೇಚಿಸಿ ಕಾರಣ ದಾಖಲಿಸಿರಲಿಲ್ಲ. ತೀರ್ಪು ಬರುವ ಹೊತ್ತಿಗೆ ನಿಷೇಧದ ದಿನಗಳು ಕಳೆದುಹೋಗಿದ್ದವು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

2021ರ ಪೊಲೀಸ್ ಆದೇಶದಿಂದ ನಗರದಲ್ಲಿ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಮೆಜೆಸ್ಟಿಕ್ ಸುತ್ತಮುತ್ತ ಸಿಕ್ಕಿಬಿದ್ದ ಆಂಬುಲೆನ್ಸ್ ಕಂಡವರು ಸಂಚಾರದ ಕಾರಣವನ್ನು ತಳ್ಳಿಹಾಕಲಾರರು. ಆದರೆ ಕುಡಿಯುವ ನೀರು ಬಾರದ ಬಡಾವಣೆಯ ಐವತ್ತು ಜನ ತಮ್ಮ ಬೀದಿಯ ಮೈದಾನದಲ್ಲಿ ಕುಳಿತರೆ ಯಾವ ಆಂಬುಲೆನ್ಸಿಗೂ ಅಡ್ಡಿಯಾಗುವುದಿಲ್ಲ. ಅವರನ್ನೂ ಫ್ರೀಡಂ ಪಾರ್ಕಿಗೇ ಹೋಗಿ ಎನ್ನುವುದು ಅಗತ್ಯಕ್ಕಿಂತ ಹೆಚ್ಚಿನ ನಿರ್ಬಂಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುಮತಿ ಕೋರುವವರು ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ನಿರಾಕರಿಸಿದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ಹಳೆಯ 144ರ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಬಂದಿದೆ. ಅದರಡಿ ಹೊರಟ ನಿಷೇಧಾಜ್ಞೆಯನ್ನು ಬದಲಿಸಲು ಅಥವಾ ರದ್ದುಪಡಿಸಲು ಬಾಧಿತರು ಯಾರೇ ಆಗಲಿ ಅರ್ಜಿ ಹಾಕಬಹುದು. ಅರ್ಜಿದಾರರ ಮಾತನ್ನು ಕೇಳಲೇಬೇಕು; ತಿರಸ್ಕರಿಸುವುದಾದರೆ ಅಧಿಕಾರಿ ಕಾರಣವನ್ನು ಬರೆದಿಡಲೇಬೇಕು.