ಚೌಕ ಚಿಕ್ಕದಾದಷ್ಟೂ ಸಮೀಕ್ಷೆ ನಿಖರವೇ?

ಪ್ರಶ್ನೆ: ತಾಪಮಾನ, ಮಳೆ, ಮಣ್ಣಿನ ತೇವದ ನಕ್ಷೆಗಳು ಕೈಯಲ್ಲಿವೆ. ಸಮೀಕ್ಷೆಗೆ ಹೊರಡುವ ಮೊದಲು ಪ್ರದೇಶವನ್ನು ಗ್ರಿಡ್ ಚೌಕಗಳಾಗಿ ಭಾಗಿಸಬೇಕು. ಆದಷ್ಟೂ ಚಿಕ್ಕ ಚೌಕ ಮಾಡಿದರೆ ಒಳ್ಳೆಯದಲ್ಲವೇ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಬಾರಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಿಮ್ಮ ತಾಪಮಾನದ ನಕ್ಷೆಯ ಒಂದು ಪಿಕ್ಸೆಲ್ 1 ಕಿ.ಮೀ. ಉದ್ದಗಲದ್ದು ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಒಂದೇ ಸಂಖ್ಯೆ, 24.6. ಅದನ್ನು 100 ಮೀಟರ್ ಚೌಕಗಳಾಗಿ ಕತ್ತರಿಸಿ. ನೂರು ಚೌಕ ಸಿಗುತ್ತವೆ. ಒಂದೊಂದನ್ನೇ ನೋಡುತ್ತಾ ಹೋಗಿ, ನೂರರಲ್ಲೂ 24.6. ಕಣಿವೆಯ ತಂಪು, ಬಂಡೆಯ ಕಾವು ಯಾವುದೂ ಹೊಸದಾಗಿ ಬಂದು ಸೇರಲಿಲ್ಲ. ತಂತ್ರಾಂಶ ನಡುವಿನ ಸಂಖ್ಯೆಗಳನ್ನು ನಯವಾಗಿ ತುಂಬಿಕೊಟ್ಟರೂ ಅದು ಅಂದಾಜೇ ಹೊರತು ಅಳತೆಯಲ್ಲ.

‘ನನ್ನ ಬಳಿ 10 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರವಿದೆ’ ಎನ್ನುವವರಿಗೂ ಉತ್ತರ ಇದೇ. ಅಕ್ಕಪಕ್ಕದ ಜಾಗಗಳು ಒಂದನ್ನೊಂದು ಹೋಲುತ್ತವೆ. ಮಣ್ಣಿನ ತೇವ 300 ಮೀಟರ್‌ವರೆಗೆ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ, ಆ ಸಾಲಿನ 50 ಮೀಟರ್‌ನ ಆರು ಚೌಕಗಳಿಂದ ತಂದ ಆರು ಮಾದರಿಗಳು ಹೇಳುವುದು ಬಹುಮಟ್ಟಿಗೆ ಒಂದೇ ಮಾತನ್ನು. ಅವನ್ನು ಆರು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ದೋಷ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದು ಬರಿಯ ವ್ಯರ್ಥ ಶ್ರಮವಲ್ಲ, ತಪ್ಪು ತೀರ್ಮಾನಕ್ಕೆ ದಾರಿ. ಹೋಲಿಕೆ ಎಷ್ಟು ದೂರದವರೆಗೆ ಇದೆ ಎಂಬುದನ್ನು ವೇರಿಯೋಗ್ರಾಮ್ ಎಂಬ ಗ್ರಾಫ್ ತೋರಿಸುತ್ತದೆ: ಅಂತರ ಹೆಚ್ಚಿದಂತೆ ವ್ಯತ್ಯಾಸ ಏರುತ್ತಾ ಹೋಗಿ, ಸಾಮಾನ್ಯವಾಗಿ ಒಂದು ಹಂತದಲ್ಲಿ ಗೆರೆ ಸಮತಟ್ಟಾಗುತ್ತದೆ. ಗ್ರಿಡ್ ಎಳೆಯುವ ಮೊದಲು ಅದನ್ನು ಬರೆಯಿರಿ, ದಯವಿಟ್ಟು.

ಜೊತೆಗೆ, ನಡೆಯಬೇಕಾದವರು ಮನುಷ್ಯರು. 10 ಕಿ.ಮೀ. ಉದ್ದಗಲದ ಪ್ರದೇಶಕ್ಕೆ 1 ಕಿ.ಮೀ. ಚೌಕಗಳಾದರೆ 100, 500 ಮೀಟರ್‌ನವಾದರೆ 400, 250 ಮೀಟರ್‌ನವಾದರೆ 1,600. ತಂಡವೂ ದಿನಗಳೂ ಮಾತ್ರ ಇದ್ದಷ್ಟೇ.

ಹಾಗೆಂದು ತೀರಾ ದೊಡ್ಡ ಚೌಕವೂ ಬೇಡ. ಗುಡ್ಡದ ನೆತ್ತಿಯೂ ಜೌಗು ನೆಲವೂ ಒಂದೇ ಚೌಕದೊಳಗೆ ಬಿದ್ದರೆ ಸರಾಸರಿ ಎರಡಕ್ಕೂ ಸಲ್ಲುವುದಿಲ್ಲ. ಸರಾಸರಿಯ ಪಕ್ಕದಲ್ಲಿ ಚೌಕದೊಳಗಿನ ಏರುಪೇರನ್ನೂ ಬರೆದಿಡಿ. ಇನ್ನು ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿ ಗ್ರಿಡ್ ಎಳೆಯಬೇಡಿ: ಸಮಭಾಜಕದ ಬಳಿ ಒಂದು ಡಿಗ್ರಿ ರೇಖಾಂಶ ಸುಮಾರು 111 ಕಿ.ಮೀ., 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ಮೀಟರ್‌ನಲ್ಲಿ ಅಳೆಯುವ ಪ್ರಕ್ಷೇಪಕ್ಕೆ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಬದಲಿಸಿಕೊಳ್ಳಿ.

ಗಾತ್ರದ ಬಗ್ಗೆ ಇಷ್ಟೊಂದು ಕೇಳುವವರು ಗ್ರಿಡ್ ಎಲ್ಲಿಂದ ಶುರುವಾಗಬೇಕೆಂದು ಕೇಳುವುದೇ ಇಲ್ಲ. ಒಂದು ಸಾಲಿನಲ್ಲಿ ತೇವದ ಅಂಕಿಗಳು 2, 2, 8, 8 ಇವೆ ಎನ್ನಿ. ಎರಡೆರಡನ್ನು ಸೇರಿಸಿ ಚೌಕ ಮಾಡಿದರೆ ಸರಾಸರಿ 2 ಮತ್ತು 8. ಒಣ ನೆಲ, ಹಸಿ ನೆಲ ಸ್ಪಷ್ಟ. ಗ್ರಿಡ್ ಅನ್ನು ಒಂದೇ ಒಂದು ಪಿಕ್ಸೆಲ್ ಸರಿಸಿ. ನಡುವಿನ ಚೌಕಕ್ಕೆ 2 ಮತ್ತು 8 ಬಂದು ಸರಾಸರಿ 5 ಆಗುತ್ತದೆ. ಆ ಸಾಲಿನಲ್ಲಿ 5 ಎಂಬ ತೇವ ಎಲ್ಲೂ ಇಲ್ಲ! ಆದ್ದರಿಂದ ಗ್ರಿಡ್ ಅನ್ನು ಅರ್ಧ ಚೌಕದಷ್ಟು ಸರಿಸಿ ಇನ್ನೊಮ್ಮೆ ಲೆಕ್ಕ ಮಾಡಿ. ಎರಡು ಲೆಕ್ಕಗಳು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಹೊಳೆಯ ದಂಡೆಯೋ ಕಾಡಿನ ಅಂಚೋ ಇರುವ ಸಂಭವ ಹೆಚ್ಚು. ಆ ಚೌಕಗಳನ್ನು ಗುರುತು ಹಾಕಿಕೊಂಡೇ ಹೊರಡಿ.