ಸಿನಿಗಾಂಗ್: ಯಾವ ಹುಳಿ, ಯಾವಾಗ?

ಫಿಲಿಪೀನ್ಸ್‌ನಲ್ಲಿ ಮಳೆ ಹಿಡಿದರೆ ಮನೆಮನೆಯಲ್ಲೂ ನೆನಪಾಗುವ ಸಾರು ಸಿನಿಗಾಂಗ್. ಇದಕ್ಕೆ ಬೇಳೆ ಬೇಡ, ಸಾರಿನ ಪುಡಿ ಬೇಡ, ಒಗ್ಗರಣೆಯೂ ಬೇಡ. ಹಾಗಾಗಿ ಹುಳಿ ಹದ ತಪ್ಪಿದರೆ ಅದನ್ನು ಮುಚ್ಚಿಕೊಳ್ಳಲು ಬೇರೇನೂ ಇರುವುದಿಲ್ಲ. ಕಲಿಯುವವರು ಹುಳಿಯ ಕಡೆಗೇ ಜಾಸ್ತಿ ಗಮನ ಕೊಡಬೇಕು.

ಲೂಜಾನ್ ದ್ವೀಪದ ಟಗಾಲೋಗ್ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು ಸಂಪಾಲೋಕ್, ಅಂದರೆ ಹುಣಸೆ. ಆದರೆ ಹಣ್ಣಲ್ಲ, ಹಸಿರು ಕಾಯಿ. ನಮ್ಮ ಡಬ್ಬಿಯಲ್ಲಿರುವ ಹಳೇ ಹುಣಸೆಹಣ್ಣು ಹಾಕಿದರೆ ಸಾರು ಕಂದು ಬಣ್ಣಕ್ಕೆ ತಿರುಗುತ್ತದೆ, ಸಣ್ಣಗೆ ಸಿಹಿಯೂ ಬರುತ್ತದೆ. ಕಾಯಿಯ ಹುಳಿ ತಿಳಿಯಾಗಿ, ಚುರುಕಾಗಿ ಇರುತ್ತದೆ. ಕಾಲು ಕೆ.ಜಿ. ಕಾಯಿಯನ್ನು ಮುಳುಗುವಷ್ಟು ನೀರಲ್ಲಿ ಬೇಯಿಸಿ. ಸಿಪ್ಪೆ ಬಿರಿದು, ಹಸಿರು ತಿರುಳು ಹೊರಗೆ ಇಣುಕಿದಾಗ ಇಳಿಸಿ. ಸೌಟಿನಿಂದ ಚೆನ್ನಾಗಿ ಒತ್ತಿ ಸೋಸಿದರೆ ನಾರು, ಬೀಜ ಜರಡಿಯಲ್ಲಿ ಉಳಿದು ಗಟ್ಟಿ ರಸ ಕೆಳಗಿಳಿಯುತ್ತದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಈಗ ಪ್ಯಾಕೆಟ್ ಪುಡಿಯೇ ನಡೆಯುತ್ತದೆ. ತಪ್ಪೇನಿಲ್ಲ, ಆದರೆ ಅದರಲ್ಲಿ ಉಪ್ಪೂ ಇರುತ್ತದೆ, ನೋಡಿಕೊಂಡು ಹಾಕಿ.

ಹುಣಸೆಯೇ ಆಗಬೇಕೆಂದಿಲ್ಲ. ಕಾಮಿಯಾಸ್ ಹಾಕುವವರಿದ್ದಾರೆ, ಅದು ನಮ್ಮ ಕರಾವಳಿಯ ಹಿತ್ತಲಲ್ಲಿ ಕಾಂಡಕ್ಕೇ ಗೊಂಚಲು ಬಿಡುವ ಬಿಂಬುಳಿ. ಮಾವಿನಕಾಯಿ ಹಾಕುತ್ತಾರೆ. ಪೇರಳೆ ಹಣ್ಣು ಹಾಕಿ ಮೀನಿನ ಸಿನಿಗಾಂಗ್ ಮಾಡಿದರೆ ಹುಳಿ ಮೆತ್ತಗಾಗಿ ಸಾರೆಲ್ಲಾ ಘಮ್ ಅನ್ನುತ್ತದೆ. ಪಶ್ಚಿಮ ವಿಸಾಯಾಸ್ ಕಡೆ ಬಾತುವಾನ್ ಎಂಬ ಕಾಯಿ ಬಳಸುತ್ತಾರೆ. ಅದು ಪುನರ್ಪುಳಿ, ಉಪ್ಪಗೆಗಳ ಕುಲದ್ದೇ ಮರ. ಅಲ್ಲಿ ಅದರ ಹುಳಿಯಲ್ಲಿ ತೊಗರಿಕಾಳು, ಹಂದಿಮಾಂಸ, ಎಳೆ ಹಲಸಿನಕಾಯಿ ಬೇಯಿಸುವ ಇನ್ನೊಂದು ಸಾರೂ ಇದೆ. ತೊಗರಿಯೂ ಹಲಸೂ ಒಂದೇ ಪಾತ್ರೆಯಲ್ಲಿ! ನನಗಂತೂ ತುಂಬಾ ಇಷ್ಟವಾದ ಜೋಡಿ.

ಇನ್ನು ಹುಳಿ ಹಾಕುವ ಹೊತ್ತು. ಹುಳಿ ಬಿದ್ದ ನೀರಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಹುಳಿಯಲ್ಲಿ ತರಕಾರಿಯ ಜೀವಕೋಶಗಳ ಗೋಡೆ ಸುಲಭವಾಗಿ ಕರಗದಿರುವುದೇ ಕಾರಣ. ಸಿನಿಗಾಂಗ್‌ನಲ್ಲಿ ಇದರ ಪೆಟ್ಟು ಬೀಳುವುದು ಕೆಸುವಿನ ಗಡ್ಡೆಗೆ. ಗಡ್ಡೆ ಪೂರ್ತಿ ಬೆಂದು, ಅಂಚು ಕರಗಿ ಸಾರಿಗೆ ಸ್ವಲ್ಪ ಮಂದ ಕೊಡಬೇಕು. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಆದ್ದರಿಂದ ಗಡ್ಡೆ ಬೆಂದ ಮೇಲೆಯೇ ಹುಳಿ ರಸ.

ಕ್ರಮ ಹೀಗೆ. ಮುಕ್ಕಾಲು ಕೆ.ಜಿ. ಹಂದಿಯ ಪಕ್ಕೆಲುಬಿನ ತುಂಡುಗಳಿಗೆ 2 ಲೀಟರ್ ಅಕ್ಕಿ ತೊಳೆದ ನೀರು. ಮೊದಲ ಸಲ ತೊಳೆದದ್ದನ್ನು ಚೆಲ್ಲಿ, ಎರಡನೇ ಸಲದ್ದನ್ನು ಹಿಡಿದಿಡಿ. ಅದರ ಗಂಜಿಯಂಶ ಸಾರಿಗೆ ಮೈ ಕೊಡುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಸ್ಟೀಲೇ ಒಳ್ಳೆಯದು. ಕುದಿ ಬಂದಾಗ ಮೇಲೆ ಏಳುವ ನೊರೆ ತೆಗೆದು, ಈರುಳ್ಳಿ, ಟೊಮೆಟೊ ಹಾಕಿ ಸಣ್ಣ ಉರಿಯಲ್ಲಿ ಬಿಡಿ. ಮಾಂಸ ಮೆತ್ತಗಾಗಲು ಒಂದರಿಂದ ಒಂದೂವರೆ ಗಂಟೆ ಬೇಕು. ಆ ಹೊತ್ತಿಗೆ ಕೆಸುವಿನ ಗಡ್ಡೆ, 20 ನಿಮಿಷ. ಆಮೇಲೆ ಹುಳಿ ರಸವನ್ನು ಒಂದೇ ಸಲ ಸುರಿಯದೆ, ರುಚಿ ನೋಡುತ್ತಾ ಸೇರಿಸಿ. ನಂತರ ಮೂಲಂಗಿ, ಉದ್ದ ಅಲಸಂದೆ, ಬದನೆ, ಕೊನೆಗೆ ಬೆಂಡೆ, ಸೀಳದ ಹಸಿಮೆಣಸು. ಉಪ್ಪಿನ ಜಾಗದಲ್ಲಿ ಪಾಟಿಸ್ ಎಂಬ ಮೀನಿನ ರಸ. ಅಲ್ಲಿನವರು ಹಾಕುವ ಸೊಪ್ಪು ಕಾಂಗ್‌ಕಾಂಗ್, ನೀರಲ್ಲಿ ಬೆಳೆಯುವಂಥದ್ದು. ಸಿಗದಿದ್ದರೆ ಪಾಲಕ್ ಆದೀತು. ಅದನ್ನು ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಟ್ಟರೆ ಸಾಕು.

ಸಿಗಡಿಯದ್ದಾದರೆ ಇಷ್ಟು ಹೊತ್ತು ಬೇಡ. ತರಕಾರಿ ಬೆಂದ ಮೇಲೆ ಸಿಗಡಿ ಹಾಕಿ, ಕೆಂಪಗಾದ ಕೂಡಲೇ ಇಳಿಸಿ. ಮೀನಿಗೂ ಹಾಗೇ, ಜಾಸ್ತಿ ಕುದಿಸಬೇಡಿ.

ಬಡಿಸುವಾಗ ಬಿಸಿ ಅನ್ನ, ಪಕ್ಕದಲ್ಲಿ ಖಾರದ ಮೆಣಸು ಜಜ್ಜಿದ ಪಾಟಿಸ್. ಮಾಂಸದ ತುಂಡನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಮಾರನೇ ದಿನಕ್ಕೆ ಉಳಿಸುವುದಿದ್ದರೆ ಸೊಪ್ಪನ್ನು ಮಾತ್ರ ಬಿಸಿ ಮಾಡುವಾಗ ಹೊಸದಾಗಿ ಹಾಕಿ.