ಓದುಗರ ಪ್ರಶ್ನೆ: ರಾಕೆಟ್ ಉದ್ಯಮದ ಇಂಜಿನಿಯರ್ ಉಕ್ರೇನಿನ ರಕ್ಷಣಾ ಸಚಿವರಾದದ್ದು ಹೇಗೆ?

ಪ್ರಶ್ನೆ: ಉಕ್ರೇನಿನ ಮೊದಲ ನಾಗರಿಕ ರಕ್ಷಣಾ ಸಚಿವ ವಲೇರಿ ಶ್ಮರೋವ್ ಸೇನೆಯವರಲ್ಲ, ಬಾಹ್ಯಾಕಾಶ ಸಂಸ್ಥೆಯಿಂದ ಬಂದವರು ಎಂದು ಓದಿದೆ. ಅಂಥವರ ಕೈಗೆ ಸೇನೆಯನ್ನು ಕೊಟ್ಟದ್ದೇಕೆ? ಅಣ್ವಸ್ತ್ರ ಬಿಟ್ಟುಕೊಟ್ಟ ತಪ್ಪು ಅವರದೇ?

ಉತ್ತರ: ಭಾರತದಲ್ಲಿ ಕೂತು ನೋಡಿದರೆ ಮೊದಲ ಪ್ರಶ್ನೆಯ ತೂಕ ಪೂರ್ತಿ ತಿಳಿಯುವುದಿಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ನಮ್ಮ ರಕ್ಷಣಾ ಸಚಿವರು ಸಮವಸ್ತ್ರ ತೊಡದ ರಾಜಕಾರಣಿಗಳೇ. ಸೋವಿಯತ್ ಒಕ್ಕೂಟದಲ್ಲಿ ಆ ಕುರ್ಚಿ ಮಾರ್ಷಲ್‌ಗಳದ್ದು. 1976ರಲ್ಲಿ ಶಸ್ತ್ರೋದ್ಯಮದ ದಿಮಿತ್ರಿ ಉಸ್ತಿನೋವ್ ರಕ್ಷಣಾ ಸಚಿವರಾದಾಗಲೂ ಅವರಿಗೆ ಮಾರ್ಷಲ್ ಪದವಿ ಕೊಟ್ಟು ಸೇನೆಯ ಸಾಲಿಗೆ ಸೇರಿಸಿಕೊಂಡರು. ಸ್ವತಂತ್ರ ಉಕ್ರೇನ್ ಕೂಡ ಮೊದಲು ಅದೇ ಹಾದಿ ಹಿಡಿಯಿತು. ಮೊದಲ ಸಚಿವ ಕೊಸ್ತ್ಯಾಂತಿನ್ ಮೊರೊಜೊವ್ ವಾಯುಪಡೆಯ ಜನರಲ್, ಅವರ ನಂತರದ ವಿತಾಲಿ ರಾದೆತ್ಸ್ಕಿಯೂ ಜನರಲ್. 1994ರಲ್ಲಿ ಅವರ ಜಾಗಕ್ಕೆ ಕೋಟು, ಟೈ ತೊಟ್ಟ ಶ್ಮರೋವ್ ಬಂದಾಗ ಸೇನಾ ಕಚೇರಿಗಳಲ್ಲಿ ಹುಬ್ಬೇರಿದ್ದು ಸಹಜ.

ಅವರನ್ನು ತಂದವರು ಯಾರು ಎಂದು ನೋಡಿದರೆ ಕಾರಣ ಅರ್ಧ ಸಿಕ್ಕಂತೆ. ಆ ಜುಲೈನಲ್ಲಿ ಅಧ್ಯಕ್ಷರಾದ ಲಿಯೊನಿದ್ ಕುಚ್ಮಾ 1986ರಿಂದ 1992ರವರೆಗೆ ದ್ನಿಪ್ರೊಪೆತ್ರೊವ್ಸ್ಕ್‌ನ ಯುಜ್‌ಮಾಶ್ ಕಾರ್ಖಾನೆಯ ಮುಖ್ಯಸ್ಥರಾಗಿದ್ದವರು. ಈಗ ದ್ನಿಪ್ರೊ ಎನ್ನುವ ಆ ಊರು ಸೋವಿಯತ್ ಕಾಲದಲ್ಲಿ ಬಹುಕಾಲ ವಿದೇಶಿಯರಿಗೆ ಬಾಗಿಲು ಮುಚ್ಚಿಕೊಂಡಿದ್ದ ಊರು, ಏಕೆಂದರೆ ಖಂಡಾಂತರ ಕ್ಷಿಪಣಿಗಳು ಅಲ್ಲೇ ತಯಾರಾಗುತ್ತಿದ್ದವು. ಪಕ್ಕದ ಯುಜ್‌ನೊಯೆ ವಿನ್ಯಾಸ ಕೇಂದ್ರದಲ್ಲಿ ಬೆಳೆದ ವೊಲೊದಿಮಿರ್ ಹೊರ್ಬುಲಿನ್ 1992ರಲ್ಲಿ ಹುಟ್ಟಿದ ರಾಷ್ಟ್ರೀಯ ಬಾಹ್ಯಾಕಾಶ ಸಂಸ್ಥೆಯ ಮೊದಲ ಮುಖ್ಯಸ್ಥರಾದರು. ಕುಚ್ಮಾ ಮುಂದೆ ಅವರನ್ನೇ ರಾಷ್ಟ್ರೀಯ ಭದ್ರತಾ ಮಂಡಳಿಯ ಕಾರ್ಯದರ್ಶಿ ಮಾಡಿಕೊಂಡರು. 1945ರಲ್ಲಿ ಹುಟ್ಟಿದ ಶ್ಮರೋವ್ ಕೀವ್‌ನ ರಕ್ಷಣಾ ಉದ್ಯಮದಲ್ಲಿ ಮೇಲೆ ಬಂದವರು. ಅದೇ ಬಾಹ್ಯಾಕಾಶ ಸಂಸ್ಥೆಯಲ್ಲಿ ಉಪ ಮುಖ್ಯಸ್ಥರಾಗಿದ್ದು, 1993ರಲ್ಲಿ ರಕ್ಷಣಾ ಉದ್ಯಮದ ಹೊಣೆ ಹೊತ್ತ ಉಪ ಪ್ರಧಾನಿಯಾದರು. ಸಚಿವರಾದ ಮೇಲೂ ಆ ಹೊಣೆ ಕೆಲಕಾಲ ಅವರ ಬಳಿಯೇ ಇತ್ತು. ಹೀಗೆ ಅಧ್ಯಕ್ಷ, ಭದ್ರತಾ ಕಾರ್ಯದರ್ಶಿ, ರಕ್ಷಣಾ ಸಚಿವ ಮೂವರೂ ರಾಕೆಟ್ ಉದ್ಯಮದ ಬಳಗದವರು. ಒಬ್ಬರ ಮಾತು ಇನ್ನೊಬ್ಬರಿಗೆ ವಿವರಿಸದೆಯೇ ತಿಳಿಯುತ್ತಿತ್ತು.

ಆದರೆ ಇದು ಬರೀ ಗೆಳೆತನದ ನೇಮಕವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಉಕ್ರೇನಿನ ಎದುರಿಗಿದ್ದ ದೊಡ್ಡ ರಕ್ಷಣಾ ಸಮಸ್ಯೆ ಇಂಜಿನಿಯರಿಂಗ್ ಸಮಸ್ಯೆಯೇ ಆಗಿತ್ತು. ಸೋವಿಯತ್ ಒಕ್ಕೂಟ ಒಡೆದಾಗ ಆ ನೆಲದಲ್ಲಿ 176 ಖಂಡಾಂತರ ಕ್ಷಿಪಣಿಗಳು, 44 ಭಾರೀ ಬಾಂಬರ್ ವಿಮಾನಗಳು, ಸುಮಾರು 1,900 ವ್ಯೂಹಾತ್ಮಕ ಅಣು ಸಿಡಿತಲೆಗಳು ಉಳಿದವು. ಸಂಖ್ಯೆಯಲ್ಲಿ ಜಗತ್ತಿನ ಮೂರನೇ ದೊಡ್ಡ ದಾಸ್ತಾನು. ಉಡಾವಣೆಯ ಸಂಕೇತಗಳು ಮಾತ್ರ ಮಾಸ್ಕೊದಲ್ಲಿದ್ದವು. 176ರಲ್ಲಿ 130 ಕ್ಷಿಪಣಿಗಳು ಎಸ್‌ಎಸ್-19, ರಷ್ಯಾದಲ್ಲಿ ತಯಾರಾದವು. ಉಳಿದ 46 ಎಸ್‌ಎಸ್-24, ಉಕ್ರೇನಿನವರೇ ಕಟ್ಟಿದವು. ಆದರೂ ಸಿಡಿತಲೆ ತಯಾರಿಸುವ, ಅದನ್ನು ಕಾಲಕಾಲಕ್ಕೆ ನವೀಕರಿಸುವ ಕೆಲಸ ನಡೆಯುತ್ತಿದ್ದದ್ದು ರಷ್ಯಾದಲ್ಲಿ. ರಾಕೆಟ್ಟಿನ ದೇಹ ಮಾಡಬಲ್ಲವರಿಗೆ ಅದರ ತಲೆ ಮಾಡುವ ಕಾರ್ಖಾನೆ ಇರಲಿಲ್ಲ. ಎಷ್ಟು ವರ್ಷ ಬಾಳುತ್ತದೆ, ಎಲ್ಲಿಗೆ ಕಳಿಸಬೇಕು, ಬದಲಿಗೆ ಏನು ಕೇಳಬೇಕು ಎಂಬ ಈ ಲೆಕ್ಕ ಟ್ಯಾಂಕ್ ಪಡೆಯ ಜನರಲ್‌ಗಿಂತ ಶ್ಮರೋವ್‌ಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿಯೇ ಸಚಿವರಾಗುವ ಮೊದಲೇ ಅವರು ಮಾತುಕತೆಯ ಮೇಜಿನಲ್ಲಿದ್ದರು. ವಿದೇಶಾಂಗ ಉಪಸಚಿವ ಬೊರಿಸ್ ತರಾಸ್ಯುಕ್ ಜೊತೆ ಸೇರಿ ಅಮೆರಿಕ, ರಷ್ಯಾಗಳೊಡನೆ ಚೌಕಾಸಿ ಮಾಡಿದರು. 1994ರ ಜನವರಿ 14ರಂದು ಮಾಸ್ಕೊದಲ್ಲಿ ಅಮೆರಿಕದ ಕ್ಲಿಂಟನ್, ರಷ್ಯಾದ ಯೆಲ್ತ್ಸಿನ್, ಉಕ್ರೇನಿನ ಆಗಿನ ಅಧ್ಯಕ್ಷ ಕ್ರಾವ್ಚುಕ್ ಸಹಿ ಹಾಕಿದ ತ್ರಿಪಕ್ಷೀಯ ಹೇಳಿಕೆಯಲ್ಲಿ ಆ ಚೌಕಾಸಿಯ ಫಲ ಕಾಣುತ್ತದೆ. ಹತ್ತು ತಿಂಗಳೊಳಗೆ ಕನಿಷ್ಠ 200 ಸಿಡಿತಲೆಗಳು ರಷ್ಯಾಕ್ಕೆ, ಅದಕ್ಕೆ ಬದಲಾಗಿ ಅಣು ವಿದ್ಯುತ್ ಸ್ಥಾವರಗಳಿಗೆ 100 ಟನ್ ಯುರೇನಿಯಂ ಇಂಧನ. ಸಿಡಿತಲೆಯೊಳಗಿನ ಯುರೇನಿಯಂಗೂ ಬೆಲೆಯಿದೆ, ಪುಕ್ಕಟೆ ಕೊಡುವುದಿಲ್ಲ ಎಂದು ಉಕ್ರೇನ್ ಪಟ್ಟು ಹಿಡಿದದ್ದರಿಂದ ಬಂದ ಷರತ್ತು ಅದು. ಕಳಚುವ ಕೆಲಸಕ್ಕೆ ಅಮೆರಿಕ ಕನಿಷ್ಠ 17.5 ಕೋಟಿ ಡಾಲರ್ ಕೊಡಲು ಒಪ್ಪಿತು.

ಅದೇ ವರ್ಷ ಡಿಸೆಂಬರ್ 5ರಂದು ಬುಡಾಪೆಸ್ಟ್ ಒಪ್ಪಂದ. ಉಕ್ರೇನಿನ ಗಡಿಗಳನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಬರೆದುಕೊಟ್ಟವು. ಇಲ್ಲಿ ಒಂದು ಪದ ನನ್ನನ್ನು ಇಂದಿಗೂ ಕಾಡುತ್ತದೆ. ಉಕ್ರೇನಿಯನ್ ಮತ್ತು ರಷ್ಯನ್ ಪ್ರತಿಗಳಲ್ಲಿರುವುದು 'ಖಾತರಿ' ಎಂಬ ಅರ್ಥದ ಪದ. ಇಂಗ್ಲಿಷ್ ಪ್ರತಿಯಲ್ಲಿರುವುದು ಬರೀ 'ಭರವಸೆ'. ಮನೆ ಬಾಡಿಗೆಯ ಕರಾರಿನಲ್ಲೇ ಇಂಥ ಎರಡು ಪದಗಳ ನಡುವೆ ಎಷ್ಟು ಅಂತರವಿದೆ ಎಂದು ಯೋಚಿಸಿ.

1996ರ ಜನವರಿಯಲ್ಲಿ ದಕ್ಷಿಣ ಉಕ್ರೇನಿನ ಪರ್ವೊಮಾಯ್ಸ್ಕ್ ಬಳಿ, ಚಳಿಯಲ್ಲಿ ಅಮೆರಿಕದ ವಿಲಿಯಂ ಪೆರಿ, ರಷ್ಯಾದ ಪಾವೆಲ್ ಗ್ರಾಚೆವ್, ಉಕ್ರೇನಿನ ಶ್ಮರೋವ್ ಈ ಮೂವರು ರಕ್ಷಣಾ ಸಚಿವರೂ ಒಟ್ಟಿಗೆ ನಿಂತು, ಕ್ಷಿಪಣಿಯನ್ನು ನೆಲದಡಿ ಇಡುವ ಒಂದು ಬಾವಿಯನ್ನು ಸ್ಫೋಟಿಸಿದರು. ಜೂನ್ 1ಕ್ಕೆ ಕೊನೆಯ ಸಿಡಿತಲೆ ಉಕ್ರೇನ್ ದಾಟಿತು. ಜೂನ್ 4ಕ್ಕೆ ಅದೇ ಮೂವರು ಮತ್ತೆ ಪರ್ವೊಮಾಯ್ಸ್ಕ್‌ಗೆ ಬಂದು, ಕ್ಷಿಪಣಿ ಹುಗಿದಿದ್ದ ನೆಲದಲ್ಲಿ ಸೂರ್ಯಕಾಂತಿ ನೆಟ್ಟರು. ನಮ್ಮ ಅಡುಗೆಮನೆಗೆ ಸೂರ್ಯಕಾಂತಿ ಎಣ್ಣೆ ಕಳಿಸುತ್ತಿದ್ದ ದೇಶದ ಗುರುತೇ ಆ ಹೂವು. ಕ್ಷಿಪಣಿ ಉದ್ಯಮದಿಂದ ಬಂದ ಶ್ಮರೋವ್ ಆ ಮಣ್ಣಿನ ಮೇಲೆ ಬಗ್ಗಿದಾಗ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕ್ಷಿಪಣಿಗಳ ಲೆಕ್ಕ ಸರಿಹೋಯಿತು, ಜನರಲ್‌ಗಳ ಲೆಕ್ಕ ಸರಿಹೋಗಲಿಲ್ಲ. ಒಡೆದ ಒಕ್ಕೂಟದಿಂದ ಉಕ್ರೇನಿಗೆ ಬಂದದ್ದು ಸುಮಾರು 7,80,000 ಜನರ ಸೇನೆ. ಅದನ್ನು ಇಳಿಸಬೇಕು, ಹಣವಿಲ್ಲ, ನಿವೃತ್ತರಾದವರಿಗೆ ಮನೆಯಿಲ್ಲ. ಕಪ್ಪು ಸಮುದ್ರದ ನೌಕಾಪಡೆಯನ್ನು ರಷ್ಯಾದೊಡನೆ ಹಂಚಿಕೊಳ್ಳುವ ಜಗಳವೂ ತಲೆಯ ಮೇಲಿತ್ತು. ಆಡಳಿತ ಸಚಿವಾಲಯದ್ದೋ ಸೇನಾ ಪ್ರಧಾನ ಕಚೇರಿಯದ್ದೋ ಎಂಬ ಪ್ರಶ್ನೆಯಲ್ಲಿ ಸೇನಾ ಮುಖ್ಯಸ್ಥ ಅನಾತೊಲಿ ಲೊಪಾತಾ ಮತ್ತು ಶ್ಮರೋವ್ ನಡುವೆ ತಿಕ್ಕಾಟ ಹೆಚ್ಚಿತು. 1996ರ ಆರಂಭದಲ್ಲಿ ಲೊಪಾತಾ ಹುದ್ದೆ ಕಳೆದುಕೊಂಡರು, ಜುಲೈನಲ್ಲಿ ಶ್ಮರೋವ್ ಕೂಡ. ಸೂರ್ಯಕಾಂತಿ ನೆಟ್ಟು ಆಗಿನ್ನೂ ಐದು ವಾರ. ಅವರ ಜಾಗಕ್ಕೆ ಬಂದವರು ಮತ್ತೆ ಜನರಲ್, ಒಲೆಕ್ಸಾಂದರ್ ಕುಜ್ಮುಕ್.

ಇಲ್ಲಿ ನಾನು ಶ್ಮರೋವ್ ಪರ. ನಾಗರಿಕ ಸಚಿವ ಎಂಬ ಹೆಸರು ಕೊಟ್ಟು, ಸೇನೆಯ ಮೇಲಿನ ಅಧಿಕಾರ ಯಾರದು ಎಂಬುದನ್ನು ಕಾನೂನಿನಲ್ಲಿ ಖಚಿತಪಡಿಸದೆ ಬಿಟ್ಟರೆ ಎಂಥ ದಕ್ಷರೂ ಸೋಲುತ್ತಾರೆ. ನಂತರ ಅವರು ತಮ್ಮ ಹಳೆಯ ಕ್ಷೇತ್ರಕ್ಕೇ ಮರಳಿದರು. 2002ರಲ್ಲಿ ಸರ್ಕಾರಿ ಶಸ್ತ್ರ ರಫ್ತು ಸಂಸ್ಥೆ ಉಕ್ರ್‌ಸ್ಪೆಟ್ಸ್‌ಎಕ್ಸ್‌ಪೋರ್ಟ್‌ನ ಚುಕ್ಕಾಣಿ ಹಿಡಿದರು. 2018ರಲ್ಲಿ ತೀರಿಕೊಂಡರು.

ಇನ್ನು 'ತಪ್ಪು ಅವರದೇ' ಎಂಬ ಪ್ರಶ್ನೆ. 2022ರ ಮಾರ್ಚ್‌ನಲ್ಲಿ ಹಾರ್ಕಿವ್‌ನ ದಾಳಿಗೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಬಲಿಯಾದ ಮೇಲೆ ಕನ್ನಡದವರೂ ಇದನ್ನು ನೋವಿನಿಂದ ಕೇಳುತ್ತಿದ್ದಾರೆ. ಅಲ್ಲ ಎನ್ನುತ್ತೇನೆ. ಅಣ್ವಸ್ತ್ರಮುಕ್ತ ದೇಶವಾಗುವ ಮಾತನ್ನು ಉಕ್ರೇನ್ 1990ರ ಸಾರ್ವಭೌಮತ್ವ ಘೋಷಣೆಯಲ್ಲೇ ಕೊಟ್ಟಿತ್ತು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಸೇರಲು 1994ರ ನವೆಂಬರ್ 16ರಂದು ಮತ ಹಾಕಿದ್ದು ಸಂಸತ್ತು. ಸಂಕೇತ ಮಾಸ್ಕೊದಲ್ಲಿ, ಸಿಡಿತಲೆಯ ಕಾರ್ಖಾನೆ ರಷ್ಯಾದಲ್ಲಿ, ಖಜಾನೆ ಬರಿದು. ಹೀಗಿದ್ದಾಗ ಶ್ಮರೋವ್ ಕೈಯಲ್ಲಿದ್ದದ್ದು ಕೊಡುವುದಕ್ಕೆ ಸಿಗುವ ಬೆಲೆಯನ್ನು ಏರಿಸುವ ಕೆಲಸ. ಅದನ್ನು ಅವರು ಮಾಡಿದರು. ಬರೆದುಕೊಟ್ಟ ಮಾತನ್ನು 2014ರಲ್ಲಿ ಕ್ರೈಮಿಯಾದಲ್ಲಿ ಮುರಿದದ್ದು ರಷ್ಯಾ.